ಆಳವಿಲ್ಲದ ಬಂದರಿನಲ್ಲಿ ಲಂಗರು

ಕೇಳುಗರೇ, ನಮಸ್ಕಾರ.

ಮಾರಿಕಣಿವೆಯ ನೀರು ಎಷ್ಟು ಅಡಿಗೆ ಬಂತೆಂದು ಪತ್ರಿಕೆಯಲ್ಲಿ ಹುಡುಕಿ ನೋಡುವ ಜಿಲ್ಲೆ ನಮ್ಮದು. ಅದು 130 ಅಡಿ ಮುಟ್ಟಿ 2022ರಲ್ಲಿ ಕೋಡಿ ಬಿದ್ದಾಗ, 1933ರ ನಂತರ ಇದೇ ಮೊದಲೆಂದು ಊರಿಗೆ ಊರೇ ಹೋಗಿ ನೋಡಿ ಬಂದಿತು. ಕಡಲ ಬಂದರಿನ ನೀರು ಹೀಗೆ ಕಾಯಿಸುವುದಿಲ್ಲ. ಹೆಚ್ಚಿನ ಕಡೆಗಳಲ್ಲಿ ಅದು ಆರು ಗಂಟೆಗಳ ಕಾಲ ಏರಿ, ಮತ್ತೆ ಆರು ಗಂಟೆಗಳ ಕಾಲ ಇಳಿಯುತ್ತದೆ. ದ್ವೀಪದ ಮರೆಯಲ್ಲಿರುವ ಸಣ್ಣ, ಆಳವಿಲ್ಲದ ಬಂದರೊಂದರಲ್ಲಿ ಪ್ರವಾಸದ ಹಾಯಿದೋಣಿಯನ್ನು, ಅಂದರೆ ಯಾಟನ್ನು, ರಾತ್ರಿಯಿಡೀ ಲಂಗರಿನ ಮೇಲೆ ನಿಲ್ಲಿಸಬೇಕೆನ್ನುವವರು ಮೊದಲು ಮಾಡಬೇಕಾದ ಲೆಕ್ಕ ಈ ಏರಿಳಿತದ್ದೇ.

ಲಂಗರು ದೋಣಿಯನ್ನು ತನ್ನ ಭಾರದಿಂದ ಹಿಡಿದಿಡುತ್ತದೆಂಬ ನಂಬಿಕೆ ಸಾಮಾನ್ಯ. ಆದರೆ ಐದಾರು ಟನ್ ತೂಗುವ, 10 ಮೀಟರ್ ಉದ್ದದ ಯಾಟನ್ನು 15 ಕಿಲೋ ಕಬ್ಬಿಣ ನಿಲ್ಲಿಸುವುದು ತೂಕದಿಂದಲ್ಲ, ತಳದ ಮಣ್ಣಿಗೆ ಕಚ್ಚಿಕೊಳ್ಳುವುದರಿಂದ. ಕೇಂಬ್ರಿಜ್‌ನ ಗಣಿತಜ್ಞ ಜೆಫ್ರಿ ಇಂಗ್ರಾಮ್ ಟೇಲರ್ 1933ರಲ್ಲಿ, ನಮ್ಮ ಮಾರಿಕಣಿವೆ ಕೋಡಿ ಬಿದ್ದ ಅದೇ ವರ್ಷ, ಪೇಟೆಂಟ್ ಪಡೆದ ಸಿಕ್ಯೂಆರ್ ಲಂಗರು ನೇಗಿಲಿನ ಆಕಾರದ್ದು. ಚಳ್ಳಕೆರೆಯ ಹೊಲದಲ್ಲಿ ಶೇಂಗಾಕ್ಕೆ ಉತ್ತವರಿಗೆ ಅದರ ಕೆಲಸವನ್ನು ಬಿಡಿಸಿ ಹೇಳಬೇಕಾಗಿಲ್ಲ: ಎಳೆತ ನೆಲಕ್ಕೆ ಸಮನಾಗಿದ್ದರೆ ಗುಳ ಮಣ್ಣಿನೊಳಕ್ಕೆ ಇಳಿಯುತ್ತದೆ, ಮೇಲ್ಮುಖವಾದರೆ ಎದ್ದು ಬರೀ ಕೆದರುತ್ತಾ ಸಾಗುತ್ತದೆ. ಲಂಗರಿನ ಎಳೆತವನ್ನು ತಳಕ್ಕೆ ಸಮನಾಗಿ ಇರಿಸುವ ಹೊಣೆ ಸರಪಳಿಯದು. ಆದ್ದರಿಂದಲೇ ಆಳದ ನಾಲ್ಕೈದು ಪಟ್ಟು ಸರಪಳಿಯನ್ನು, ಬಹುಪಾಲು ಹಗ್ಗವೇ ಇದ್ದರೆ ಏಳು ಪಟ್ಟನ್ನು ಬಿಡುವ ವಾಡಿಕೆಯಿದೆ. ಗಾಳಿಯ ವೇಗ ಇಮ್ಮಡಿಯಾದರೆ ಎಳೆತ ನಾಲ್ಕು ಪಟ್ಟಾಗುವುದರಿಂದ ಇದರಲ್ಲಿ ಜಿಪುಣತನ ಸಲ್ಲದು.

ಆಳವೆಂದರೆ ಯಾವ ಹೊತ್ತಿನ ಆಳ ಎಂಬಲ್ಲಿ ಹೊಸಬರು ಎಡವುತ್ತಾರೆ. ಇಂಗ್ಲೆಂಡಿನ ನೈಋತ್ಯ ತುದಿಯಾಚೆ ಅಟ್ಲಾಂಟಿಕ್ ಸಾಗರದಲ್ಲಿ ಸಿಲ್ಲಿ ಎಂಬ ದ್ವೀಪಸಮೂಹವಿದೆ. ಅಲ್ಲಿನ ಟ್ರೆಸ್ಕೊ ಮತ್ತು ಬ್ರೈಯರ್ ದ್ವೀಪಗಳ ನಡುವೆ ಯಾಟುಗಳು ತಂಗುವ ಕಿರಿದಾದ ಜಲಮಾರ್ಗವೊಂದಿದೆ. ಹುಣ್ಣಿಮೆ, ಅಮಾವಾಸ್ಯೆಗಳು ಕಳೆದ ಒಂದೆರಡು ದಿನಕ್ಕೆ ಅಲ್ಲಿಯ ಉಬ್ಬರಕ್ಕೂ ಇಳಿತಕ್ಕೂ ಸುಮಾರು 5 ಮೀಟರ್ ಅಂತರ ಬೀಳುತ್ತದೆ. ಅಷ್ಟಮಿಯ ಆಸುಪಾಸಿನಲ್ಲಿ ಅದು ಅರ್ಧಕ್ಕಿಂತ ಕಡಿಮೆ. ದೊಡ್ಡ ಇಳಿತದಲ್ಲಿ ಜನರು ಒಂದು ದ್ವೀಪದಿಂದ ಇನ್ನೊಂದಕ್ಕೆ ಮರಳಿನ ಮೇಲೆ ನಡೆದೇ ದಾಟುವುದುಂಟು.

ಅಂಥ ಕಡೆ ಇಳಿತ ಮುಗಿಯುವ ಹೊತ್ತಿಗೆ ಬಂದ ದೋಣಿಗೆ 4 ಮೀಟರ್ ನೀರು ಸಿಕ್ಕಿತೆನ್ನಿ. ನೀರಿನಿಂದ ದೋಣಿಯ ಮೂತಿಯ ಎತ್ತರ 1 ಮೀಟರ್ ಸೇರಿಸಿ, 5ರ ನಾಲ್ಕು ಪಟ್ಟೆಂದು 20 ಮೀಟರ್ ಸರಪಳಿ ಬಿಟ್ಟು ಮಲಗಿದರೆ, ನಡುರಾತ್ರಿಯ ಉಬ್ಬರದಲ್ಲಿ ಲೆಕ್ಕ 10 ಮೀಟರಿಗೆ ಏರಿರುತ್ತದೆ, ಸರಪಳಿ ಎರಡು ಪಟ್ಟಷ್ಟೇ ಉಳಿದಿರುತ್ತದೆ, ಲಂಗರು ಮೇಲಕ್ಕೆ ಕಿತ್ತು ಬರುತ್ತದೆ. ಬೇಕಾದದ್ದು 40 ಮೀಟರ್. ಉಬ್ಬರದ ತುದಿಯಲ್ಲಿ ಬಂದವರ ಪಾಡು ಬೇರೆ: 6 ಮೀಟರ್ ಕಂಡು ನೆಮ್ಮದಿಯಾದವರಿಗೆ ಬೆಳಗಿನ ಜಾವ ಉಳಿಯುವುದು 1 ಮೀಟರ್, ದೋಣಿಯ ಕೀಲ್, ಅಂದರೆ ತಳದಿಂದ ನೀರಿನೊಳಕ್ಕೆ ಚಾಚಿದ ಭಾಗ, ಕೇಳುವುದು ಸುಮಾರು 2 ಮೀಟರ್. ಆದ್ದರಿಂದ ಸರಪಳಿಗೆ ಉಬ್ಬರದ ಲೆಕ್ಕ, ಕೀಲ್‌ಗೆ ಇಳಿತದ ಲೆಕ್ಕ, ಎರಡನ್ನೂ ಉಬ್ಬರವಿಳಿತದ ಕೋಷ್ಟಕ ನೋಡಿ ಮಾಡಬೇಕು.

40 ಮೀಟರ್ ಸರಪಳಿ ಬಿಟ್ಟ ದೋಣಿ ಗಾಳಿ ತಿರುಗಿದಂತೆ, ತನ್ನ ಉದ್ದವೂ ಸೇರಿ, ಸುಮಾರು 100 ಮೀಟರ್ ಅಗಲದ ವೃತ್ತದಲ್ಲಿ ತಿರುಗುತ್ತದೆ. ಸಣ್ಣ ಬಂದರಿನಲ್ಲಿ ಅಷ್ಟು ಜಾಗವೆಲ್ಲಿ? ಮೊದಲು ಬಂದವರಿಗೆ ಮೊದಲ ಹಕ್ಕು, ಅವರಿಂದ ದೂರವಿರುವುದು ತಡವಾಗಿ ಬಂದವರ ಹೊಣೆ ಎಂಬುದು ನಾವಿಕರ ನಡುವಿನ ರೂಢಿ. ಎರಡು ಲಂಗರು ಹಾಕಿ ತಿರುಗಾಟವನ್ನು ಕಡಿಮೆ ಮಾಡುವ ಉಪಾಯವೂ ಇದೆ; ಆದರೆ ಸುತ್ತಲಿನವರೆಲ್ಲ ಒಂದೇ ಲಂಗರಿನ ಮೇಲೆ ತಿರುಗುವಾಗ ನಾವೊಬ್ಬರೇ ಬಿಗಿದು ನಿಂತರೆ ಡಿಕ್ಕಿಯಾಗುವುದು ಖಚಿತ. ಜಾಗ ಸಾಲದಿದ್ದರೆ, ಬೆಳಕಿರುವಾಗಲೇ ಬೇರೆ ಬಂದರಿಗೆ ಹೊರಡುವುದು ಲೇಸೆಂದು ನನ್ನ ಅಭಿಪ್ರಾಯ.

ತಳ ಮರಳೋ ಜೇಡಿಯೋ ಆಗಿದ್ದರೆ ಲಂಗರು ಚೆನ್ನಾಗಿ ಕಚ್ಚುತ್ತದೆ. ಬಂಡೆಯಲ್ಲಿ ಸಿಕ್ಕಿಕೊಂಡರೆ ಎತ್ತುವುದು ಕಷ್ಟ. ಕಡಲಹುಲ್ಲಿನಲ್ಲಿ ಬರೀ ಜಾರುತ್ತದೆ, ಹುಲ್ಲೂ ಹಾಳಾಗುತ್ತದೆ. ಹಿಂದಿನವರು ಸೀಸದ ಗುಂಡಿನ ತಳದ ಕುಳಿಯಲ್ಲಿ ಕೊಬ್ಬು ಮೆತ್ತಿ ಇಳಿಬಿಟ್ಟು, ಅದಕ್ಕೆ ಅಂಟಿ ಬಂದ ಮರಳನ್ನೋ ಕೆಸರನ್ನೋ ನೋಡಿ ತಳವನ್ನು ತಿಳಿಯುತ್ತಿದ್ದರು.

ಇನ್ನು ಹಾಕುವ ಕ್ರಮ. ಗಾಳಿಗೆ ಎದುರಾಗಿ ಬಂದು, ದೋಣಿ ಪೂರ್ತಿ ನಿಂತ ಮೇಲೆ ಲಂಗರನ್ನು ತಳಕ್ಕೆ ಇಳಿಸಿ, ದೋಣಿ ತಾನಾಗಿ ಹಿಂದಕ್ಕೆ ಸರಿಯುವಷ್ಟಕ್ಕೇ ಸರಪಳಿಯನ್ನು ಬಿಡುತ್ತಾ ಹೋಗಬೇಕು. ಒಮ್ಮೆಲೇ ಸುರಿದರೆ ಅದು ಲಂಗರಿನ ಮೇಲೆಯೇ ಗುಡ್ಡೆ ಬೀಳುತ್ತದೆ. ಬಳಿಕ ಎಂಜಿನ್ನನ್ನು ಮೆಲ್ಲಗೆ ಹಿಮ್ಮುಖ ಓಡಿಸಿ, ಬಿಗಿದ ಸರಪಳಿಯ ಮೇಲೆ ಅಂಗೈ ಇಡುತ್ತಾರೆ. ಗುರುಗುರು ಎಂಬ ನಡುಕ ಕೈಗೆ ಹತ್ತಿದರೆ ಲಂಗರು ಜಾರುತ್ತಿದೆ ಎಂದರ್ಥ. ನಡುಕವಿಲ್ಲದಿದ್ದರೆ, ದಡದ ಮೇಲಿನ ಮರವೊಂದು ಅದರ ಹಿಂದಿನ ಗೋಡೆಯ ಮೂಲೆಗೆ ನೇರವಾಗಿ ಕಾಣುವುದನ್ನು ಗುರುತು ಮಾಡಿಕೊಂಡು, ಆಗಾಗ ಎದ್ದು ನೋಡುತ್ತಾರೆ. ಹಗಲಿಗೆ ಮುಂಭಾಗದಲ್ಲಿ ಕಪ್ಪು ಗೋಳ, ರಾತ್ರಿಗೆ ಸುತ್ತಲೂ ಕಾಣುವ ಬಿಳಿ ದೀಪ, ಇವು ಅಂತರರಾಷ್ಟ್ರೀಯ ನಿಯಮಗಳಂತೆ ಇರಲೇಬೇಕು.

ಇಂಥ ಬಂದರಿಗೆ ಬರುವುದೂ ಹೊರಡುವುದೂ ನೀರು ಏರುತ್ತಿರುವಾಗ ಆಗಬೇಕು. ಕೀಲ್ ಮರಳಿಗೆ ತಾಗಿದರೂ ಸ್ವಲ್ಪ ಹೊತ್ತಿನಲ್ಲಿ ನೀರೇ ದೋಣಿಯನ್ನು ಎತ್ತಿ ಬಿಡಿಸುತ್ತದೆ. ಹುಣ್ಣಿಮೆಯ ದೊಡ್ಡ ಉಬ್ಬರದ ತುದಿಯಲ್ಲಿ ತಳ ಹಿಡಿದವರಿಗಾದರೋ ಮರುದಿನಗಳ ಉಬ್ಬರ ಅಷ್ಟು ಎತ್ತರಕ್ಕೆ ಬಾರದೆ, ಅಮಾವಾಸ್ಯೆಯ ನೀರು ಏರುವವರೆಗೆ ದೋಣಿ ಅಲ್ಲೇ ಕೂರಬೇಕಾಗಬಹುದು.