ಹಡಗು ಸೇರದ ನಾವಿಕ

ಎಲ್ಲರಿಗೂ ನಮಸ್ಕಾರ.

ಯುದ್ಧದಲ್ಲಿ ಸತ್ತ ನಾವಿಕ ಅಂದ ಕೂಡಲೇ ನಮ್ಮ ಕಣ್ಮುಂದೆ ಬರುವುದು ಬೆಂಕಿ ಹತ್ತಿದ ಹಡಗು, ಅಲ್ವಾ? ನಾನು ಇವತ್ತು ನೆನೆಯುತ್ತಿರುವ ನಾವಿಕ ಹಡಗಿನಲ್ಲಿ ಸಾಯಲಿಲ್ಲ. ಹಡಗಿಗೆ ಹೋಗುತ್ತಿದ್ದ, ಅಷ್ಟೇ. ಅದೂ ವಿಮಾನದಲ್ಲಿ, ಪ್ರಯಾಣಿಕನಾಗಿ. ಅವನ ಹೆಸರು ಹೇಳುವುದಿಲ್ಲ. ಆ ದುಃಖ ಅವನ ಮನೆಯವರದು.

1969ರ ಅಕ್ಟೋಬರ್ 2. ನಮ್ಮಲ್ಲಿ ಅವತ್ತು ಗಾಂಧೀಜಿ ಹುಟ್ಟಿ ನೂರು ವರ್ಷ ತುಂಬಿದ ಸಂಭ್ರಮ. ಅತ್ತ ಫಿಲಿಪೀನ್ಸ್‌ನ ಸುಬಿಕ್ ಕೊಲ್ಲಿಯ ದಡದಲ್ಲಿ, ಅಮೆರಿಕದ ಕ್ಯೂಬಿ ಪಾಯಿಂಟ್ ನೆಲೆಯಿಂದ ನೌಕಾಪಡೆಯ ಒಂದು ಸಿ-2ಎ ವಿಮಾನ ಮೇಲೇರಿತು. ಒಳಗೆ 6 ಜನ ಸಿಬ್ಬಂದಿ, 20 ಜನ ಪ್ರಯಾಣಿಕರು. ಹೋಗಬೇಕಾದದ್ದು ಟಾಂಕಿನ್ ಕೊಲ್ಲಿಗೆ. ವಿಯೆಟ್ನಾಂ ಯುದ್ಧಕ್ಕೆಂದು ವಿಮಾನವಾಹಕ ನೌಕೆಗಳು ಅಲ್ಲಿ ನಿಂತಿದ್ದವು.

ಈ ಸಿ-2ಎ ಬಾಂಬ್ ಹಾಕುವ ವಿಮಾನವಲ್ಲ. ಹಡಗಿಗೆ ಅಂಚೆ, ಬಿಡಿಭಾಗ, ಜನ ತಲುಪಿಸುವುದು ಅದರ ಕೆಲಸ. ಸಮುದ್ರದ ನಡುವೆ ತಿಂಗಳುಗಟ್ಟಲೆ ಇರುವವರಿಗೆ ಅದು ಬಂತೆಂದರೆ ಮನೆಯ ಕಾಗದ ಬಂತು ಎಂದೇ ಅರ್ಥ. ಒಳಗೆ ಪ್ರಯಾಣಿಕರ ಸೀಟುಗಳು ಹಿಮ್ಮುಖವಾಗಿರುತ್ತವೆ. ಹಡಗಿನ ಡೆಕ್ ಮೇಲೆ ಇಳಿಯುವಾಗ ವಿಮಾನದ ಬಾಲದ ಕೊಕ್ಕೆ ತಂತಿಗೆ ಸಿಕ್ಕಿಕೊಳ್ಳುತ್ತದೆ. ಒಂದೆರಡು ಸೆಕೆಂಡಿನಲ್ಲಿ ವಿಮಾನ ನಿಂತೇಬಿಡುತ್ತದೆ. ಆ ಹೊಡೆತವನ್ನು ಬೆನ್ನು ತಡೆದುಕೊಳ್ಳಲಿ ಅಂತ ಈ ವ್ಯವಸ್ಥೆ. ಕಿಟಕಿಗಳು ಇಲ್ಲವೆನ್ನುವಷ್ಟು ಕಡಿಮೆ. ಅಂದರೆ ಎದುರಿಗೆ ಏನು ಬರುತ್ತಿದೆ ಎನ್ನುವುದು ಒಳಗೆ ಕೂತವನಿಗೆ ಕಾಣುವುದೇ ಇಲ್ಲ.

ವಿಮಾನ ಯುಎಸ್‌ಎಸ್ ಕಾನ್‌ಸ್ಟಲೇಷನ್ ಹಡಗನ್ನು ಸಮೀಪಿಸುತ್ತಿತ್ತು. ರೇಡಾರ್ ನೋಡುತ್ತಿದ್ದವರಿಗೆ ಅದು ಕೆಳಗಿಳಿಯುವುದು ಕಾಣಿಸಿತು. ಆಮೇಲೆ ಏನೂ ಕಾಣಿಸಲಿಲ್ಲ. ಹೆಲಿಕಾಪ್ಟರ್ ಹೋಗಿ ನೋಡಿದಾಗ ಸಿಕ್ಕಿದ್ದು ನೀರಿನ ಮೇಲೆ ಎಣ್ಣೆ, ಒಂದಷ್ಟು ಚೂರು. ವಿಮಾನ ಮೂಗು ಕೆಳಗಾಗಿ, ಬಲರೆಕ್ಕೆ ವಾಲಿಕೊಂಡು ಭಾರಿ ವೇಗದಲ್ಲಿ ನೀರಿಗೆ ಬಡಿದಿರಬೇಕು, ಇಲ್ಲವೇ ಬಲರೆಕ್ಕೆ ಅದಕ್ಕೂ ಮೊದಲೇ ಮುರಿದಿರಬಹುದು ಎಂದು ಆ ಚೂರುಗಳನ್ನು ಪರೀಕ್ಷಿಸಿದವರು ಹೇಳಿದರು. 26 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಮನೆಗೆ ಕಳಿಸಲು ದೇಹವೂ ಸಿಗಲಿಲ್ಲ.

ಸತ್ತವರಲ್ಲಿ ಫಿಲಿಪಿನೊಗಳೂ ಇದ್ದರು. ನನ್ನ ಮನಸ್ಸು ಯಾವಾಗಲೂ ಅಲ್ಲೇ ನಿಲ್ಲುತ್ತದೆ. 1947ರ ಒಪ್ಪಂದದಿಂದಾಗಿ ಫಿಲಿಪೀನ್ಸ್‌ನ ಹುಡುಗರು ಅಮೆರಿಕದ ನೌಕಾಪಡೆ ಸೇರಬಹುದಿತ್ತು. ಆದರೆ 1970ರ ದಶಕದ ಆರಂಭದವರೆಗೆ ಅವರಲ್ಲಿ ಬಹುಪಾಲು ಜನರಿಗೆ ಸಿಗುತ್ತಿದ್ದದ್ದು ಸ್ಟೀವರ್ಡ್ ಕೆಲಸ. ಅಧಿಕಾರಿಗಳಿಗೆ ಅಡುಗೆ ಮಾಡುವುದು, ಬಡಿಸುವುದು, ಅವರ ಕೋಣೆ ಸ್ವಚ್ಛ ಮಾಡುವುದು. ಅವತ್ತಿನ ವಿಮಾನ ಎದ್ದದ್ದು ಅವರ ಸ್ವಂತ ನೆಲದಿಂದ. ಊರು ಬಿಟ್ಟು ಹೊರಟದ್ದು ಮಾತ್ರ ಬೇರೆಯವರ ಯುದ್ಧಕ್ಕೆ.

ಈಗ ವಾಷಿಂಗ್ಟನ್‌ಗೆ ಬರೋಣ. ಅಲ್ಲಿರುವ ವಿಯೆಟ್ನಾಂ ಸ್ಮಾರಕವನ್ನು 1982ರ ನವೆಂಬರ್ 13ರಂದು ಅರ್ಪಿಸಿದರು. ವಿನ್ಯಾಸ ಮಾಡಿದ ಮಾಯಾ ಲಿನ್ ಸ್ಪರ್ಧೆ ಗೆದ್ದಾಗ 21 ವರ್ಷದ ವಿದ್ಯಾರ್ಥಿನಿ. ಕನ್ನಡಿಯಂತೆ ಹೊಳೆಯುವ ಕಪ್ಪು ಗ್ರಾನೈಟ್ ಗೋಡೆ. ಆ ಕಲ್ಲು ಎಲ್ಲಿಂದ ಹೋದದ್ದು ಗೊತ್ತಾ? ಬೆಂಗಳೂರಿನಿಂದ! ವರ್ಮಾಂಟ್‌ನಲ್ಲಿ ಅದನ್ನು ಕೊಯ್ದರು, ಮೆಂಫಿಸ್‌ನಲ್ಲಿ ಹೆಸರು ಕೆತ್ತಿದರು. ಇದನ್ನು ಮೊದಲ ಸಲ ಓದಿದಾಗ ನಾನು ಸ್ವಲ್ಪ ಹೊತ್ತು ಸುಮ್ನೆ ಕೂತುಬಿಟ್ಟೆ.

ಅದರ ಮೇಲೆ 58 ಸಾವಿರಕ್ಕೂ ಜಾಸ್ತಿ ಹೆಸರುಗಳಿವೆ. ಅವು ಇರುವುದು ಸತ್ತ ಅಥವಾ ಕಾಣೆಯಾದ ದಿನದ ಕ್ರಮದಲ್ಲಿ. ಒಂದೇ ದಿನದವರು ಅಕ್ಷರಮಾಲೆಯ ಪ್ರಕಾರ. ಅಂದರೆ ನಮ್ಮ 26 ಜನರ ಆಸುಪಾಸಿನಲ್ಲೇ, ಅದೇ ದಿನ ವಿಯೆಟ್ನಾಂನ ನೆಲದ ಮೇಲೆ ಗುಂಡು ತಿಂದು ಸತ್ತವರೂ ಇದ್ದಾರೆ. ಯಾರು ಗುಂಡಿಗೆ, ಯಾರು ಅಪಘಾತಕ್ಕೆ ಎಂದು ಗೋಡೆ ಹೇಳುವುದಿಲ್ಲ. ಹುದ್ದೆಯನ್ನೂ ಬರೆದಿಲ್ಲ. ವಿಮಾನ ಹಾರಿಸಿದವನಿಗೂ ಊಟ ಬಡಿಸುತ್ತಿದ್ದವನಿಗೂ ಅರ್ಧ ಇಂಚಿನ ಒಂದೇ ಅಳತೆಯ ಅಕ್ಷರ. ಬದುಕಿದ್ದಾಗ ಹಡಗಿನಲ್ಲಿ ಇವರಿಬ್ಬರೂ ಒಂದೇ ಮೇಜಿನಲ್ಲಿ ಕೂತು ಊಟ ಮಾಡುತ್ತಿರಲಿಲ್ಲ, ನೆನಪಿರಲಿ.

ಗೋಡೆಯ ಹತ್ತಿರ ದಪ್ಪನೆಯ ಒಂದು ಪುಸ್ತಕ ಇಟ್ಟಿರುತ್ತಾರೆ. ಹೆಸರು ಹುಡುಕಿದರೆ ಯಾವ ಫಲಕ, ಎಷ್ಟನೇ ಸಾಲು ಎಂದು ತಿಳಿಯುತ್ತದೆ. ಮೇಲಿನ ಸಾಲಾದರೆ ಸ್ವಯಂಸೇವಕರು ಏಣಿ ತರುತ್ತಾರೆ. ಬಂದವರು ಹೆಸರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್‌ನಿಂದ ಉಜ್ಜುತ್ತಾರೆ. ಬೂದು ಬಣ್ಣದ ನಡುವೆ ಬಿಳಿ ಅಕ್ಷರಗಳು ಒಂದೊಂದಾಗಿ ಮೂಡುತ್ತವೆ. ಆಮೇಲೆ ಆ ಕಾಗದವನ್ನು ಮಡಚದೆ, ಮೆಲ್ಲಗೆ ಸುರುಳಿ ಸುತ್ತಿ, ಮನೆಗೆ ಒಯ್ಯುತ್ತಾರೆ.