ಪಿಎ ಶಾಲೆಗೆ ಅರ್ಜಿ: ಗಂಟೆ, ಗ್ರೇಡು, ಸಂದರ್ಶನ

ಎಲ್ಲರಿಗೂ ನಮಸ್ಕಾರ. ಇವತ್ತಿನ ಮಾತು ಅಮೆರಿಕದಲ್ಲಿ ಪಿಎ, ಅಂದರೆ ಫಿಸಿಷಿಯನ್ ಅಸಿಸ್ಟೆಂಟ್ ಓದಿಗೆ ಅರ್ಜಿ ಹಾಕುವ ಬಗ್ಗೆ. ವೈದ್ಯರ ತಂಡದಲ್ಲಿದ್ದು ರೋಗಿಗಳನ್ನು ನೋಡುವವರು ಪಿಎ. ಕಾಲೇಜಿನಲ್ಲಿ ಓದುತ್ತಿರುವ ಮಕ್ಕಳು ಬಂದಿದ್ದೀರಿ, ಅವರ ಅಪ್ಪ ಅಮ್ಮಂದಿರು ಬಂದಿದ್ದೀರಿ. ಊರಲ್ಲಿ ಎಂಬಿಬಿಎಸ್, ಬಿಡಿಎಸ್, ಫಿಸಿಯೋಥೆರಪಿ ಮುಗಿಸಿ ಅಮೆರಿಕಕ್ಕೆ ಬಂದು ಮುಂದೇನು ಅಂತ ಯೋಚಿಸುತ್ತಿರುವವರೂ ಇದ್ದೀರಿ. ಊರಿನ ಪದವಿ ಇಟ್ಟುಕೊಂಡು ಇಲ್ಲಿ ನೇರವಾಗಿ ಪಿಎ ಆಗಬಹುದೇ ಎಂದು ಈ ಮೂರನೆಯ ಗುಂಪಿನವರು ಕೇಳುವ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಅದಕ್ಕೆ ಉತ್ತರ ಚಿಕ್ಕದು.

ಭಾರತದ ವೈದ್ಯಕೀಯ ಪದವಿ ಇಟ್ಟುಕೊಂಡು ನೇರವಾಗಿ ಅಮೆರಿಕದಲ್ಲಿ ಪಿಎ ಆಗಲು ಬರುವುದಿಲ್ಲ. ಭಾರತದಲ್ಲಿ ಓದಿದ ಫಿಸಿಷಿಯನ್ ಅಸಿಸ್ಟೆಂಟ್ ಪದವಿಯೂ ನಡೆಯುವುದಿಲ್ಲ. ಲೈಸೆನ್ಸಿಗೆ ಬೇಕಾದ ಪ್ಯಾನ್ಸ್ ಪರೀಕ್ಷೆಗೆ ಕೂರಬೇಕಾದರೆ ಪಿಎ ಕೋರ್ಸುಗಳಿಗೆ ಮಾನ್ಯತೆ ಕೊಡುವ ಎಆರ್‌ಸಿ-ಪಿಎ ಸಂಸ್ಥೆ ಒಪ್ಪಿದ ಕೋರ್ಸನ್ನೇ ಮುಗಿಸಿರಬೇಕು. ಇಪ್ಪತ್ತು ವರ್ಷ ಆಸ್ಪತ್ರೆ ನಡೆಸಿದವರಿಗೂ ಇದೇ ನಿಯಮ. ಊರಿನ ಅಂಕಪಟ್ಟಿಗಳನ್ನು ಡಬ್ಲ್ಯುಇಎಸ್ ಥರದ ಸಂಸ್ಥೆಯಿಂದ ಕೋರ್ಸ್-ಕೋರ್ಸ್ ಲೆಕ್ಕದಲ್ಲಿ ಮೌಲ್ಯಮಾಪನ ಮಾಡಿಸಬಹುದು. ಅಷ್ಟಾದರೂ ಬಹಳಷ್ಟು ಶಾಲೆಗಳು ಅಡಿಪಾಯದ ವಿಜ್ಞಾನ ಕೋರ್ಸುಗಳನ್ನು ಅಮೆರಿಕದ ಕಾಲೇಜಿನಲ್ಲೇ ಮಾಡಿರಬೇಕು ಅನ್ನುತ್ತವೆ. ಹಾಗಾಗಿ ಮೌಲ್ಯಮಾಪನಕ್ಕೆ ದುಡ್ಡು ಕಟ್ಟುವ ಮೊದಲು ನಿಮ್ಮ ಪಟ್ಟಿಯ ಶಾಲೆಗಳು ಅದನ್ನು ಒಪ್ಪುತ್ತವೆಯೇ ಎಂದು ನೋಡಿ. ಎಚ್-4 ವೀಸಾದಲ್ಲಿರುವವರು, ಅಂದರೆ ಕೆಲಸದ ವೀಸಾದಲ್ಲಿ ಬಂದವರ ಗಂಡ, ಹೆಂಡತಿ, ಮಕ್ಕಳು, ಶಾಲೆಯ ನಿಯಮಗಳಲ್ಲಿ ಇನ್ನೂ ಒಂದು ಸಾಲು ಹುಡುಕಬೇಕು: ನಾಗರಿಕರಿಗೆ, ಗ್ರೀನ್ ಕಾರ್ಡ್ ಇರುವವರಿಗೆ ಮಾತ್ರ ಸೀಟು ಎನ್ನುವ ಶಾಲೆಗಳಿವೆ.

ಇನ್ನು ಎಲ್ಲರಿಗೂ ಸೇರಿದ ಮಾತು. 1965ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಡಾ. ಯೂಜೀನ್ ಸ್ಟೆಡ್ ಈ ಓದನ್ನು ಆರಂಭಿಸಿದಾಗ ಸೇರಿಸಿಕೊಂಡದ್ದು ನಾಲ್ಕೇ ಜನರನ್ನು, ನಾಲ್ವರೂ ನೌಕಾಪಡೆಯ ವೈದ್ಯಕೀಯ ದಳದಲ್ಲಿ ಕೆಲಸ ಮಾಡಿ ಬಂದವರು. ರೋಗಿಯ ಪಕ್ಕ ನಿಂತು ಪಳಗಿದವರಿಗೆ ಎರಡು ವರ್ಷದ ಗಟ್ಟಿ ವೈದ್ಯಕೀಯ ತರಬೇತಿ ಕೊಟ್ಟರೆ ಸಾಕು ಎಂಬುದು ಸ್ಟೆಡ್ ಅವರ ಲೆಕ್ಕ. ಕೋರ್ಸು ಈಗಲೂ ಸರಾಸರಿ 27 ತಿಂಗಳಿನದು: ಮೊದಲ ವರ್ಷಕ್ಕೆ ತುಸು ಮೇಲೆ ತರಗತಿ, ಉಳಿದದ್ದು ಆಸ್ಪತ್ರೆಗಳಲ್ಲಿ ರೊಟೇಷನ್, ಅಂದರೆ ವಿಭಾಗದಿಂದ ವಿಭಾಗಕ್ಕೆ ಹೋಗಿ ಕಲಿಯುವುದು. ಇಷ್ಟು ಕಡಿಮೆ ಅವಧಿಯಲ್ಲಿ ರೋಗಿಯ ಜೊತೆ ಮಾತಾಡುವುದನ್ನು ಮೊದಲಿನಿಂದ ಕಲಿಸುತ್ತಾ ಕೂರಲು ಶಾಲೆಗೆ ಪುರಸೊತ್ತಿಲ್ಲ. ಅರ್ಜಿಯಲ್ಲಿ ಕೇಳುವ ಗಂಟೆಗಳ ಹಿಂದಿನ ಕಾರಣ ಇಷ್ಟೇ. ಇದು ತಲೆಯಲ್ಲಿದ್ದರೆ ಉಳಿದ ನಿಯಮಗಳು ತಾವಾಗಿಯೇ ಅರ್ಥವಾಗುತ್ತವೆ.

ಬಹುತೇಕ ಶಾಲೆಗಳಿಗೆ ಅರ್ಜಿ ಹೋಗುವುದು ಕ್ಯಾಸ್ಪಾ ಎಂಬ ಒಂದೇ ಆನ್‌ಲೈನ್ ವ್ಯವಸ್ಥೆಯ ಮೂಲಕ. ಅದರಲ್ಲಿ ಅನುಭವಕ್ಕೆ ಹಲವು ಖಾನೆಗಳಿವೆ, ಹೆಚ್ಚು ಎಡವುವುದು ಎರಡರ ನಡುವೆ. ಒಂದು, ಪೇಷೆಂಟ್ ಕೇರ್ ಅನುಭವ: ರೋಗಿಯ ಆರೈಕೆಯಲ್ಲಿ ನಿಮ್ಮ ಕೈಯೇ ಕೆಲಸ ಮಾಡಿರಬೇಕು. ಇನ್ನೊಂದು, ಹೆಲ್ತ್‌ಕೇರ್ ಅನುಭವ: ಆಸ್ಪತ್ರೆಯ ರಿಸೆಪ್ಷನ್, ಬಿಲ್ಲಿಂಗ್, ಔಷಧಿ ಅಂಗಡಿಯ ಕೌಂಟರ್ ಇಂಥವು. ಆಂಬ್ಯುಲೆನ್ಸಿನಲ್ಲಿ ತುರ್ತು ಚಿಕಿತ್ಸೆ ಕೊಡುವ ಇಎಂಟಿ, ನರ್ಸ್ ಕೈಕೆಳಗೆ ರೋಗಿಯನ್ನು ನೋಡಿಕೊಳ್ಳುವ ಸಿಎನ್‌ಎ, ರಕ್ತ ತೆಗೆಯುವ ಫ್ಲೆಬಾಟಮಿಸ್ಟ್, ಮೆಡಿಕಲ್ ಅಸಿಸ್ಟೆಂಟ್ ಕೆಲಸಗಳು ಸಾಮಾನ್ಯವಾಗಿ ಮೊದಲ ಖಾನೆಗೆ ಬರುತ್ತವೆ. ಡಾಕ್ಟರ್ ಹೇಳಿದ್ದನ್ನು ಟೈಪ್ ಮಾಡುವ ಸ್ಕ್ರೈಬ್ ಕೆಲಸವನ್ನು ಒಂದು ಶಾಲೆ ಮೊದಲ ಖಾನೆಗೆ ಹಾಕುತ್ತದೆ, ಮತ್ತೊಂದು ಎರಡನೆಯದಕ್ಕೆ. ಊಹೆ ಬೇಡ, ಶಾಲೆಗೆ ಇಮೇಲ್ ಬರೆದು ಕೇಳಿ, ಬಂದ ಉತ್ತರವನ್ನು ಇಟ್ಟುಕೊಳ್ಳಿ.

ಎಷ್ಟು ಗಂಟೆ ಬೇಕು? 500 ಕೇಳುವ ಶಾಲೆಗಳಿವೆ, 1000 ಕೇಳುವವಿವೆ, 2000 ಕೇಳುವವೂ ಇವೆ. ವಾರಕ್ಕೆ 40 ಗಂಟೆಯಂತೆ 50 ವಾರ ದುಡಿದರೆ 2000 ಆಗುತ್ತದೆ, ಅಂದರೆ ಪದವಿಯ ನಂತರ ಒಂದು ಪೂರ್ತಿ ವರ್ಷದ ನೌಕರಿ. ಅಪ್ಪ ಅಮ್ಮಂದಿರೇ, ಆ ವರ್ಷ ಹಾಳಾಯಿತು ಅಂದುಕೊಳ್ಳಬೇಡಿ. ನಾಲ್ಕು ವರ್ಷದ ಡಿಗ್ರಿ ಮುಗಿದ ಕೂಡಲೇ ಸೇರಿಸಿಬಿಡಬೇಕು ಎನ್ನುವ ಅವಸರದಲ್ಲಿ ಬೇಸಿಗೆ ರಜೆಯ 300 ಗಂಟೆ ಹಿಡಿದು ಹದಿನೈದು ಶಾಲೆಗೆ ಅರ್ಜಿ ಹಾಕಿಸಿದರೆ ಹಾಳಾಗುವುದು ಫೀಸು. ಮೊದಲ ಶಾಲೆಗೆ 180 ಡಾಲರಿನ ಆಸುಪಾಸು, ಆಮೇಲಿನ ಒಂದೊಂದಕ್ಕೂ 60ರ ಆಸುಪಾಸು ಖರ್ಚಿದೆ. ಅದರ ಮೇಲೆ ಕೆಲವು ಶಾಲೆಗಳು ಸಪ್ಲಿಮೆಂಟಲ್ ಅರ್ಜಿ ಎಂದು ಬೇರೆ ವಸೂಲಿ ಮಾಡುತ್ತವೆ. ಸಿಎನ್‌ಎ ತರಬೇತಿಗೆ ಅಮೆರಿಕದ ಕೇಂದ್ರ ಸರ್ಕಾರ ಇಟ್ಟಿರುವ ಕನಿಷ್ಠ ಮಿತಿ 75 ಗಂಟೆ, ಹಲವು ರಾಜ್ಯಗಳು ಅದಕ್ಕಿಂತ ಹೆಚ್ಚು ಕೇಳುತ್ತವೆ. ಕಾಲೇಜಿನ ಎರಡನೇ ವರ್ಷದಲ್ಲೇ ಇದನ್ನು ಮುಗಿಸಿಕೊಂಡರೆ ವಾರಾಂತ್ಯದ ಪಾಳಿ ಸಿಗುತ್ತದೆ.

ಕ್ಯಾಸ್ಪಾದಲ್ಲಿ ಈವರೆಗೆ ಮಾಡಿದ ಗಂಟೆಯನ್ನಷ್ಟೇ ಬರೆಯಬೇಕು, ಮುಂದೆ ಮಾಡಲಿರುವುದನ್ನು ಸೇರಿಸುವ ಹಾಗಿಲ್ಲ. ಒಂದೇ ಗಂಟೆಯನ್ನು ಎರಡು ಖಾನೆಯಲ್ಲಿ ತೋರಿಸುವ ಹಾಗೂ ಇಲ್ಲ. ಇನ್ನು ವಿವರಣೆ. "ವೈದ್ಯರಿಗೆ ನೆರವಾದೆ, ರೋಗಿಗಳನ್ನು ನೋಡಿಕೊಂಡೆ" ಎಂದು ಬರೆದರೆ ಓದುವವರಿಗೆ ಏನೂ ತಿಳಿಯುವುದಿಲ್ಲ. ಹೀಗೆ ಬರೆಯಿರಿ: "ಪಾಳಿಗೆ ಎಂಟರಿಂದ ಹತ್ತು ರೋಗಿಗಳು, ಬಿಪಿ, ನಾಡಿ, ಆಮ್ಲಜನಕದ ಮಟ್ಟ ಅಳತೆ, ಪಾರ್ಶ್ವವಾಯು ಆದವರಿಗೆ ಊಟ ಮಾಡಿಸುವುದು, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಚರ್ಮ ಕೆಂಪಾಗಿದ್ದರೆ ನರ್ಸ್‌ಗೆ ವರದಿ." ಮಗ್ಗುಲು ಬದಲಿಸದಿದ್ದರೆ ಹುಣ್ಣಾಗುತ್ತದೆ ಎಂದು ಬಲ್ಲವರು ಬರೆದದ್ದು ಇದು, ಸಮಿತಿಯವರಿಗೆ ಒಂದೇ ಓದಿಗೆ ಗೊತ್ತಾಗುತ್ತದೆ.

ನಮ್ಮ ಮಕ್ಕಳಲ್ಲಿ ಹಲವರು ಅಜ್ಜಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಕನ್ನಡದಿಂದ ಇಂಗ್ಲಿಷಿಗೆ ಹೇಳಿದ್ದನ್ನು ಗಂಟೆಯ ಲೆಕ್ಕಕ್ಕೆ ಹಾಕಲು ನೋಡುತ್ತಾರೆ. ಮನೆಯವರ ಸೇವೆ ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಅರ್ಜಿಯ ಜೊತೆ ಕಳಿಸುವ ಪ್ರಬಂಧದಲ್ಲಿ ಬರೆದರೂ ಎಚ್ಚರ ಬೇಕು, ಅದರ ಕಾರಣ ಸಂದರ್ಶನದ ಹೊತ್ತಿಗೆ ಹೇಳುತ್ತೇನೆ.

ಗ್ರೇಡಿನ ವಿಷಯ ಸ್ವಲ್ಪ ಕಹಿ. ನಾಲ್ಕಕ್ಕೆ ಲೆಕ್ಕ ಹಾಕುವ ಗ್ರೇಡು ಸರಾಸರಿ (ಜಿಪಿಎ) ಕನಿಷ್ಠ 3.0 ಇರಬೇಕು ಎಂದು ಬಹಳ ಶಾಲೆಗಳು ಹೇಳುತ್ತವೆ, ಸೇರುವವರ ಸರಾಸರಿ 3.5ರ ಮೇಲಿರುತ್ತದೆ. ನೀವು ಓದಿದ ಪ್ರತಿ ಕಾಲೇಜಿನ ಪ್ರತಿ ಕೋರ್ಸನ್ನೂ ಕ್ಯಾಸ್ಪಾ ಲೆಕ್ಕಕ್ಕೆ ಹಿಡಿಯುತ್ತದೆ, ಮತ್ತೆ ತೆಗೆದುಕೊಂಡ ಕೋರ್ಸಿನ ಹಳೆಯ ಗ್ರೇಡನ್ನೂ ಬಿಡುವುದಿಲ್ಲ. ನಾಲ್ಕು ಕ್ರೆಡಿಟ್ಟಿನ ಆರ್ಗ್ಯಾನಿಕ್ ಕೆಮಿಸ್ಟ್ರಿಯಲ್ಲಿ ಮೊದಲು ಡಿ, ಮರುವರ್ಷ ಎ ಬಂದಿದೆ ಅನ್ನಿ. ನಿಮ್ಮ ಕಾಲೇಜಿನ ಪಟ್ಟಿಯಲ್ಲಿ ಎ ಮಾತ್ರ ಉಳಿದು 4.0 ಕಾಣಬಹುದು. ಕ್ರೆಡಿಟ್ಟಿಗೆ ಎ ಆದರೆ 4, ಡಿ ಆದರೆ 1ರಂತೆ ಕ್ಯಾಸ್ಪಾದಲ್ಲಿ ಎಂಟು ಕ್ರೆಡಿಟ್ಟಿಗೆ 20 ಅಂಕ, ಅಂದರೆ 2.5. ಸರಾಸರಿ ಎಳೆಯುವುದೂ ನಿಧಾನದ ಕೆಲಸ: 120 ಕ್ರೆಡಿಟ್ಟಿಗೆ 3.1 ಇರುವವರು ಇನ್ನೂ 20 ಕ್ರೆಡಿಟ್ ತೆಗೆದುಕೊಂಡು ಎಲ್ಲದರಲ್ಲೂ ಎ ಪಡೆದರೂ 3.23ಕ್ಕೆ ಬಂದು ನಿಲ್ಲುತ್ತಾರೆ. ಅಂಥವರು ಕೊನೆಯ 60 ಕ್ರೆಡಿಟ್‌ಗಳ ಸರಾಸರಿಗೆ ತೂಕ ಕೊಡುವ ಶಾಲೆಗಳನ್ನು ಹುಡುಕುವುದು ಜಾಣತನ.

ಬೇಕಾಗುವ ಕೋರ್ಸುಗಳು ಹೆಚ್ಚುಕಡಿಮೆ ಒಂದೇ: ಲ್ಯಾಬ್ ಸಮೇತ ಅನಾಟಮಿ ಮತ್ತು ಫಿಸಿಯಾಲಜಿ, ಮೈಕ್ರೋಬಯಾಲಜಿ, ಕೆಮಿಸ್ಟ್ರಿ, ಬಯೋಕೆಮಿಸ್ಟ್ರಿ, ಸ್ಟ್ಯಾಟಿಸ್ಟಿಕ್ಸ್, ಸೈಕಾಲಜಿ. ಕೈಕೊಡುವುದು ಸಣ್ಣ ಅಕ್ಷರದ ಷರತ್ತುಗಳು. ಕೆಲವು ಶಾಲೆಗಳಿಗೆ ಏಳು ವರ್ಷಕ್ಕಿಂತ ಹಳೆಯ ಕೋರ್ಸು ಬೇಡ, ಕೆಲವಕ್ಕೆ ಆನ್‌ಲೈನ್ ಲ್ಯಾಬ್ ಬೇಡ, ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ ಎಪಿ ಕೋರ್ಸಿನ ಅಂಕ ಹಲವಕ್ಕೆ ಬೇಡ. ಕ್ವಾರ್ಟರ್ ಪದ್ಧತಿಯ ಕಾಲೇಜಿನ ಐದು ಕ್ರೆಡಿಟ್ ಸೆಮಿಸ್ಟರ್ ಲೆಕ್ಕದಲ್ಲಿ 3.33 ಆಗುತ್ತದೆ. ಶಾಲೆ ನಾಲ್ಕು ಕೇಳಿದ್ದರೆ ಅಷ್ಟಕ್ಕೇ ಅರ್ಜಿ ಬಿತ್ತು. ಒಂದು ಸ್ಪ್ರೆಡ್‌ಶೀಟ್ ಮಾಡಿ, ಶಾಲೆಗೊಂದು ಸಾಲು, ಷರತ್ತಿಗೊಂದು ಕಾಲಂ. ಎಆರ್‌ಸಿ-ಪಿಎ ಮಾನ್ಯತೆಯ ಸ್ಥಿತಿ, ಪ್ಯಾನ್ಸ್ ಪಾಸಾದವರ ಪ್ರಮಾಣ, ನಡುವೆ ಬಿಟ್ಟುಹೋದವರ ಪ್ರಮಾಣ ಇವಕ್ಕೂ ಜಾಗ ಇರಲಿ. ಈ ಅಂಕಿಗಳನ್ನು ಶಾಲೆಗಳು ತಮ್ಮ ವೆಬ್‌ಸೈಟಿನಲ್ಲಿ ಹಾಕಲೇಬೇಕು. ಪ್ರೊಬೇಷನ್‌ನಲ್ಲಿರುವ, ಅಂದರೆ ಮಾನ್ಯತೆಯೇ ತೂಗುಯ್ಯಾಲೆಯಲ್ಲಿರುವ ಶಾಲೆಗೆ ಸೇರುವುದೋ ಬಿಡುವುದೋ ನಿಮಗೆ ಬಿಟ್ಟದ್ದು, ಗೊತ್ತಿಲ್ಲದೆ ಸೇರುವುದು ಮಾತ್ರ ಬೇಡ.

ಓದಿನ ಸಾಲಕ್ಕೊಂದು ಕಾಲಂ ಇಡುವುದನ್ನೂ ಮರೆಯಬೇಡಿ. 2026ರ ಜುಲೈ 1ರಿಂದ ಹೊಸ ಸಾಲಗಾರರಿಗೆ ಗ್ರಾಡ್ ಪ್ಲಸ್, ಅಂದರೆ ಪದವಿಯ ನಂತರದ ಓದಿಗೆ ಅಮೆರಿಕದ ಸರ್ಕಾರ ಕೊಡುತ್ತಿದ್ದ ಸಾಲವಿಲ್ಲ. ಅದಕ್ಕೆ ಮೊದಲು ಸೇರಿದವರು ಹೇಳಿದ ಲೆಕ್ಕ ನಿಮಗೆ ಹೊಂದುವುದಿಲ್ಲ, ಶಾಲೆಯ ಫೈನಾನ್ಶಿಯಲ್ ಏಡ್ ಕಚೇರಿಯನ್ನೇ ಕೇಳಿ.

ಈಗ ಕ್ಯಾಲೆಂಡರ್. ಕ್ಯಾಸ್ಪಾ ಪ್ರತಿವರ್ಷ ಏಪ್ರಿಲ್ ಕೊನೆಗೆ ತೆರೆಯುತ್ತದೆ. ಹೆಚ್ಚಿನ ಶಾಲೆಗಳದ್ದು ರೋಲಿಂಗ್ ಪದ್ಧತಿ, ಬಂದ ಅರ್ಜಿಯನ್ನು ಬಂದ ಹಾಗೆ ಓದಿ ಸಂದರ್ಶನಕ್ಕೆ ಕರೆಯುತ್ತಾ ಹೋಗುತ್ತಾರೆ. ಅಕ್ಟೋಬರ್ 1 ಕೊನೆಯ ದಿನ ಅಂತಿದ್ದರೂ ಸೆಪ್ಟೆಂಬರಿನಲ್ಲಿ ಕಳಿಸಿದವರಿಗೆ ಉಳಿದಿರುವ ಸೀಟು ಕಡಿಮೆ. ಜೂನ್ ತಿಂಗಳನ್ನು ಗುರಿಯಾಗಿಟ್ಟುಕೊಳ್ಳಿ. ಜೊತೆಗೆ ಕೊನೆಯ ದಿನ ಎನ್ನುವುದಕ್ಕೇ ಮೂರು ಅರ್ಥಗಳಿವೆ: ಕೆಲವು ಶಾಲೆಗಳಿಗೆ ಆ ದಿನದೊಳಗೆ ಸಬ್ಮಿಟ್ ಒತ್ತಿದರೆ ಸಾಕು. ಕೆಲವಕ್ಕೆ ಟ್ರಾನ್ಸ್‌ಕ್ರಿಪ್ಟು, ಶಿಫಾರಸು ಪತ್ರ ಎಲ್ಲ ಬಂದು ಸೇರಿರಬೇಕು. ಇನ್ನು ಕೆಲವಕ್ಕೆ ಕ್ಯಾಸ್ಪಾದ ಪರಿಶೀಲನೆಯೇ ಮುಗಿದಿರಬೇಕು, ಅದಕ್ಕೆ ನಾಲ್ಕು ವಾರದವರೆಗೂ ಹಿಡಿಯಬಹುದು. ಕಾಲೇಜಿನ ಟ್ರಾನ್ಸ್‌ಕ್ರಿಪ್ಟ್ ರಿಜಿಸ್ಟ್ರಾರ್ ಕಚೇರಿಯಿಂದ ನೇರ ಹೋಗಬೇಕು. ಹೈಸ್ಕೂಲಿನಲ್ಲಿದ್ದಾಗ ಕಮ್ಯುನಿಟಿ ಕಾಲೇಜಿನಲ್ಲಿ ಮಾಡಿದ ಒಂದೇ ಒಂದು ಕೋರ್ಸು ಮರೆತುಹೋದರೂ ಅರ್ಜಿ ಹಿಂದಕ್ಕೆ ಬರುತ್ತದೆ. ಕ್ಯಾಸ್ಪರ್ ಎಂಬ ಇನ್ನೊಂದಿದೆ, ಅದು ಸಂದರ್ಭ ಕೊಟ್ಟು ಉತ್ತರ ಕೇಳುವ ಪರೀಕ್ಷೆ. ಅದನ್ನು ಕೆಲವು ಶಾಲೆಗಳು ಮಾತ್ರ ಕೇಳುತ್ತವೆ.

ಶಿಫಾರಸು ಪತ್ರ ಸಾಮಾನ್ಯವಾಗಿ ಮೂರು ಬೇಕು. ಒಬ್ಬರಾದರೂ ಪಿಎ ಅಥವಾ ವೈದ್ಯರಾಗಿರಲಿ, ಒಬ್ಬರು ನಿಮ್ಮ ಕೆಲಸ ಕಂಡ ಮೇಲಧಿಕಾರಿ, ಒಬ್ಬರು ವಿಜ್ಞಾನ ಕಲಿಸಿದವರು. ಪರಿಚಯದ ಹಾರ್ಟ್ ಸರ್ಜನ್ ಅಂಕಲ್ ಬರೆದ ಪತ್ರದಿಂದ ಪ್ರಯೋಜನವಿಲ್ಲ. ಪತ್ರವನ್ನು ನಾನು ನೋಡುವುದಿಲ್ಲ ಎಂದು ಹಕ್ಕು ಬಿಟ್ಟುಕೊಡುವ ಖಾನೆಗೆ ಗುರುತು ಹಾಕಿ, ಇಲ್ಲವಾದರೆ ಓದುವವರು ಆ ಪತ್ರವನ್ನು ಪೂರ್ತಿ ನಂಬುವುದಿಲ್ಲ. ಲಿಂಕ್ ಇರುವ ಇಮೇಲ್ ಆಸ್ಪತ್ರೆಯ ಸ್ಪ್ಯಾಮ್‌ಗೆ ಬೀಳುವುದು ತೀರಾ ಮಾಮೂಲು. ವಾರ ಬಿಟ್ಟು ಫೋನ್ ಮಾಡಿ ವಿಚಾರಿಸಿ.

ಪ್ರಬಂಧಕ್ಕೆ ಸ್ಪೇಸ್ ಸೇರಿ 5000 ಅಕ್ಷರ. ಅದು ಎಲ್ಲ ಶಾಲೆಗೂ ಒಂದೇ, ಆದ್ದರಿಂದ ಯಾವ ಶಾಲೆಯ ಹೆಸರೂ ಬರಬಾರದು. ಸಬ್ಮಿಟ್ ಆದ ಮೇಲೆ ತಿದ್ದಲು ಆಗುವುದಿಲ್ಲ. ಅದು ಉತ್ತರಿಸಬೇಕಾದ ಪ್ರಶ್ನೆ ಒಂದೇ: ಪಿಎ ಯಾಕೆ? ಮನೆಯಲ್ಲಿ "ಡಾಕ್ಟರ್ ಓದು ಉದ್ದ, ಇದು ಬೇಗ ಮುಗಿಯುತ್ತೆ" ಅಂದುಕೊಂಡಿರಬಹುದು. ಅದು ಸುಳ್ಳೂ ಅಲ್ಲ. ಆದರೆ ಪ್ರಬಂಧದಲ್ಲಿ ಅದೊಂದೇ ಕಂಡರೆ ಎಂಡಿ (ಇಲ್ಲಿನ ಡಾಕ್ಟರ್ ಪದವಿ) ಸೀಟು ಸಿಗದೆ ಇಲ್ಲಿಗೆ ಬಂದವರು ಎಂಬ ವಾಸನೆ ಹೊಡೆಯುತ್ತದೆ. ಕೆಲಸದ ಒಳಗಿನ ಕಾರಣ ಹೇಳಿ: ಹೊಸದಾಗಿ ರೆಸಿಡೆನ್ಸಿ ಎಂಬ ತಜ್ಞ ತರಬೇತಿ ಇಲ್ಲದೆ ಮೂಳೆ ವಿಭಾಗದಿಂದ ತುರ್ತು ವಿಭಾಗಕ್ಕೆ ಹೋಗಬಹುದಾದ ಸ್ವಾತಂತ್ರ್ಯ, ವೈದ್ಯರ ತಂಡದಲ್ಲಿ ತನ್ನ ಮಿತಿ ಅರಿತು ಮಾಡುವ ನಿರ್ಧಾರ. ಇದನ್ನು ಹೇಳಬೇಕಾದರೆ ಪಿಎಗಳ ಜೊತೆ ಸುತ್ತಾಡಿರಬೇಕು. ಶಾಡೋಯಿಂಗ್ ಕೇಳುವುದು ಅದಕ್ಕೇ.

ಸಂದರ್ಶನದಲ್ಲಿ ಎರಡು ಬಗೆ. ಒಂದು ಮಾಮೂಲಿ, ಎದುರು ಒಬ್ಬರೋ ಇಬ್ಬರೋ ಕೂತು ಕೇಳುವುದು. ಇನ್ನೊಂದು ಎಂಎಂಐ: ಕೋಣೆಯಿಂದ ಕೋಣೆಗೆ ಹೋಗುತ್ತೀರಿ, ಬಾಗಿಲಲ್ಲಿ ಅಂಟಿಸಿದ ಸಂದರ್ಭ ಓದಲು ಎರಡು ನಿಮಿಷ, ಒಳಗೆ ಮಾತಾಡಲು ಆರೆಂಟು ನಿಮಿಷ. ಒಂದನ್ನು ಬಿಡಿಸಿ ನೋಡೋಣ. ಕನ್ನಡ ಮಾತ್ರ ಬಲ್ಲ ವೃದ್ಧೆ, ಜೊತೆಗೆ ಹದಿನಾರರ ಮೊಮ್ಮಗ. ವೈದ್ಯರು ಅವಸರದಲ್ಲಿ "ಹುಡುಗನೇ ಹೇಳಲಿ ಬಿಡು" ಅನ್ನುತ್ತಾರೆ. ನೀವು ಪಿಎ ವಿದ್ಯಾರ್ಥಿ, ನಿಮಗೆ ಕನ್ನಡ ಬರುತ್ತದೆ. ಏನು ಮಾಡುತ್ತೀರಿ?

ನಮ್ಮ ಮಕ್ಕಳು ಥಟ್ಟನೆ "ನಾನೇ ಅನುವಾದ ಮಾಡುತ್ತೇನೆ" ಅನ್ನುತ್ತಾರೆ. ಅಲ್ಲೇ ಎಡವುವುದು. ಮನೆಮಾತು ಬರುತ್ತದೆ ಎಂದ ಮಾತ್ರಕ್ಕೆ ವೈದ್ಯಕೀಯ ದುಭಾಷಿ ಆಗುವುದಿಲ್ಲ. ತುರ್ತು ಸ್ಥಿತಿ ಬಿಟ್ಟರೆ ಹದಿನೆಂಟು ತುಂಬದವರನ್ನು ದುಭಾಷಿ ಮಾಡಿಕೊಳ್ಳಲು ಅಮೆರಿಕದ ಕಾನೂನು ಬಿಡುವುದಿಲ್ಲ, ಅರ್ಹ ದುಭಾಷಿಯನ್ನು ಆಸ್ಪತ್ರೆ ಪುಕ್ಕಟೆಯಾಗಿ ಒದಗಿಸಬೇಕು. ಮೊಮ್ಮಗನ ಮುಂದೆ ಅಜ್ಜಿ ಮೂತ್ರದ ತೊಂದರೆ ಹೇಳಿಯಾರೆ? ಹುಡುಗ ಕ್ಯಾನ್ಸರ್ ಎಂಬ ಮಾತನ್ನು ನುಂಗಿಕೊಂಡರೆ? ಹಾಗಾಗಿ ಕ್ರಮ ಹೀಗೆ: ಪ್ರಾಣಾಪಾಯ ಇದೆಯೇ ನೋಡುವುದು, ಇಲ್ಲದಿದ್ದರೆ ಅಜ್ಜಿಗೆ ಕನ್ನಡದಲ್ಲಿ ನಮಸ್ಕಾರ ಹೇಳಿ ಧೈರ್ಯ ಕೊಡುವುದು, ವೈದ್ಯರನ್ನು ಪಕ್ಕಕ್ಕೆ ಕರೆದು, "ಫೋನ್ ದುಭಾಷಿಗೆ ನಾನು ಕರೆ ಮಾಡಲೇ?" ಎಂದು ಕೇಳುವುದು, ಒಪ್ಪದಿದ್ದರೆ ಮೇಲ್ವಿಚಾರಕರಿಗೆ ತಿಳಿಸುವುದು. ಎಂಟು ನಿಮಿಷ ತುಂಬಿಸಲೇಬೇಕಿಲ್ಲ, ಐದರಲ್ಲಿ ಮುಗಿದರೆ ನಿಲ್ಲಿಸಿ, ಅವರೇ ಮುಂದಿನ ಪ್ರಶ್ನೆ ಕೇಳುತ್ತಾರೆ. ಬಾಯಿಪಾಠದ ಉತ್ತರಕ್ಕೆ ಅಡ್ಡಪ್ರಶ್ನೆ ಬಿದ್ದಾಗ ತಡವರಿಸುವುದು ಖಂಡಿತ. ಅಭ್ಯಾಸಕ್ಕೆ ಫೋನಿನಲ್ಲಿ ರೆಕಾರ್ಡ್ ಮಾಡಿ, ಮೊದಲ ಮೂವತ್ತು ಸೆಕೆಂಡನ್ನು ಮಾತ್ರ ಕೇಳಿ ನೋಡಿ. ಪ್ರಶ್ನೆಯನ್ನೇ ತಿರುಗಾ ಹೇಳುತ್ತಾ ಅರ್ಧ ನಿಮಿಷ ಕಳೆದಿದ್ದರೆ ಗೊತ್ತಾಗುತ್ತದೆ.

ಸೀಟು ಸಿಕ್ಕ ಮೇಲೆ ಡಿಪಾಸಿಟ್, ಹಿನ್ನೆಲೆ ತಪಾಸಣೆ, ಲಸಿಕೆಯ ದಾಖಲೆ. ಕೊನೆಯದನ್ನು ಈಗಲೇ ನೋಡಿಕೊಳ್ಳಿ. ಹೆಪಟೈಟಿಸ್ ಬಿ ರೋಗನಿರೋಧಕತೆಯ ರಕ್ತಪರೀಕ್ಷೆಯಲ್ಲಿ ಕಡಿಮೆ ಬಂದು ಮೂರು ಚುಚ್ಚುಮದ್ದು ಮತ್ತೆ ಹಾಕಿಸಬೇಕಾದರೆ ಆರು ತಿಂಗಳು ಹಿಡಿಯುತ್ತದೆ. ಭಾರತದಲ್ಲಿ ಹುಟ್ಟಿ ಬಿಸಿಜಿ ಹಾಕಿಸಿಕೊಂಡವರಿಗೆ ಚರ್ಮದ ಟಿಬಿ ಪರೀಕ್ಷೆ ಸುಮ್ಮನೆ ಪಾಸಿಟಿವ್ ತೋರಿಸಿ ಎಕ್ಸ್‌ರೇವರೆಗೆ ಎಳೆಯಬಹುದು. ಟಿಬಿಗೇ ಇರುವ ಐಜಿಆರ್‌ಎ ಎಂಬ ರಕ್ತಪರೀಕ್ಷೆಗೆ ಬಿಸಿಜಿ ಅಡ್ಡಿಯಾಗುವುದಿಲ್ಲ, ಅದನ್ನೇ ಕೇಳಿ ಮಾಡಿಸಿಕೊಳ್ಳಿ.