ಲಿಂಚಿಂಗ್: ಚಾಟಿಯೇಟಿನಿಂದ ಕೊಲೆಯವರೆಗೆ

ಕೇಳುಗರಿಗೆ ನಮಸ್ಕಾರ. ಗುಂಪುಹತ್ಯೆಯ ಸುದ್ದಿ ಬಂದಾಗಲೆಲ್ಲ ‘ಲಿಂಚಿಂಗ್’ ಎಂಬ ಮಾತೂ ಕಿವಿಗೆ ಬೀಳುತ್ತದೆ. ಮೂಲದಲ್ಲಿ ಇದು ಒಂದು ಮನೆತನದ ಹೆಸರು.

ಹೆಚ್ಚಿನ ವಿದ್ವಾಂಸರು ಬೊಟ್ಟು ಮಾಡುವುದು ಅಮೆರಿಕದ ವರ್ಜೀನಿಯಾದ ಚಾರ್ಲ್ಸ್ ಲಿಂಚ್ ಕಡೆಗೆ. ಬೆಡ್‌ಫರ್ಡ್ ಕೌಂಟಿಯ ಜಮೀನುದಾರ, ಅಲ್ಲಿನ ನ್ಯಾಯಾಧಿಕಾರಿಯೂ ಹೌದು. 1780ರಲ್ಲಿ, ಸ್ವಾತಂತ್ರ್ಯ ಸಮರದ ನಡುವೆ, ಬ್ರಿಟಿಷರ ಪಕ್ಷದವರು ಸೀಸದ ಗಣಿಗಳ ಮೇಲೆ ಕಣ್ಣು ಹಾಕಿದ್ದಾರೆಂಬ ಗುಮಾನಿ ಎದ್ದಿತು. ಸೀಸವಿಲ್ಲದೆ ಬಂದೂಕಿಗೆ ಗುಂಡಿಲ್ಲ. ಲಿಂಚ್ ಶಂಕಿತರನ್ನು ಹಿಡಿತರಿಸಿ, ತನಗಿಲ್ಲದ ಅಧಿಕಾರವನ್ನು ತಾನೇ ಚಲಾಯಿಸಿ ವಿಚಾರಣೆ ನಡೆಸಿದ. ಶಿಕ್ಷೆ ಏನು? ಚಾಟಿಯೇಟು, ಆಸ್ತಿ ಜಪ್ತಿ, ಬಲವಂತದ ನಿಷ್ಠಾ ಪ್ರಮಾಣ. 1782ರಲ್ಲಿ ವರ್ಜೀನಿಯಾದ ಶಾಸನಸಭೆ ಇವನ ಮೇಲೆ ದಾವೆ ನಡೆಯದಂತೆ ಕಾಯ್ದೆಯನ್ನೇ ಮಾಡಿತು. ಕಾನೂನು ಮೀರಿದ್ದು ಹೌದು, ಅಪಾಯದ ಕಾಲದಲ್ಲಿ ನಡೆಯುತ್ತದೆ ಎಂಬುದು ಅದರ ತಾತ್ಪರ್ಯ. ಮುಂದೆ ನಡೆದ ಎಷ್ಟೋ ಕೊಲೆಗಳಿಗೆ ಇದೇ ಸಬೂಬು ಒದಗಿತು.

ಪಕ್ಕದ ಪಿಟ್ಸಿಲ್ವೇನಿಯಾ ಕೌಂಟಿಯ ವಿಲಿಯಂ ಲಿಂಚ್ ಎಂಬುವನ ಹೆಸರನ್ನೂ ಕೆಲವರು ಹೇಳುತ್ತಾರೆ. ಐರ್ಲೆಂಡಿನ ಗಾಲ್ವೇ ಪಟ್ಟಣದ ಮೇಯರ್ ಲಿಂಚ್ 1493ರಲ್ಲಿ ಹೆತ್ತ ಮಗನನ್ನೇ ಗಲ್ಲಿಗೇರಿಸಿದ ಎಂಬುದು ಬರಿಯ ಐತಿಹ್ಯ. ಪದ ಹುಟ್ಟಿದ್ದು ಅದಾಗಿ ಸುಮಾರು ಮುನ್ನೂರು ವರ್ಷಕ್ಕೆ, ಅದೂ ಅಮೆರಿಕದಲ್ಲಿ.

ಮೊದಲು ಬಳಕೆಯಲ್ಲಿದ್ದದ್ದು ‘ಲಿಂಚ್ ಲಾ’. ಆಗ ಅದಕ್ಕೆ ಕೊಲೆಯ ಅರ್ಥವಿರಲಿಲ್ಲ. 1835ರಲ್ಲಿ ಮಿಸಿಸಿಪ್ಪಿಯ ವಿಕ್ಸ್‌ಬರ್ಗ್‌ನಲ್ಲಿ ಊರವರು ಐವರು ಜೂಜುಕೋರರನ್ನು ನೇಣಿಗೇರಿಸಿದಂಥ ಘಟನೆಗಳಿಂದ ಅರ್ಥ ವಾಲಿತು. ‘ಲಾ’ ಉದುರಿ ‘ಲಿಂಚ್’ ಕ್ರಿಯಾಪದವಾಯಿತು. ಅಂತರ್ಯುದ್ಧದ ನಂತರ ದಕ್ಷಿಣದ ರಾಜ್ಯಗಳಲ್ಲಿ ಅದು ಕಪ್ಪು ಜನರನ್ನು ಅಂಜಿಸಿಡುವ ಹತಾರವಾಯಿತು. ಅಲಬಾಮಾದ ಕಪ್ಪು ಜನರ ವಿದ್ಯಾಸಂಸ್ಥೆ ಟಸ್ಕೀಗೀಯ ದಾಖಲೆಯಂತೆ 1882ರಿಂದ 1968ರವರೆಗೆ ಬಲಿಯಾದವರು 4,743. ಅವರಲ್ಲಿ 3,446 ಮಂದಿ ಕಪ್ಪು ಜನ. ಲಿಂಚಿಂಗನ್ನು ಅಮೆರಿಕದ ಒಕ್ಕೂಟ ಸರ್ಕಾರದ ಕಾನೂನಿನಡಿ ಅಪರಾಧವೆನ್ನುವ ಕಾಯ್ದೆ ಬಂದದ್ದು 2022ರಲ್ಲಿ!

ನಮ್ಮ ಭಾರತೀಯ ನ್ಯಾಯ ಸಂಹಿತೆಯಲ್ಲಿ ಈ ಪದವೇ ಇಲ್ಲ. ಕಲಂ 103(2) ಕೇಳುವುದು ಎರಡನ್ನು: ಐದು ಅಥವಾ ಹೆಚ್ಚು ಜನ ಒಟ್ಟಾಗಿ ಕೊಂದಿರಬೇಕು, ಜನಾಂಗ, ಜಾತಿ, ಸಮುದಾಯ, ಲಿಂಗ, ಹುಟ್ಟಿದ ಸ್ಥಳ, ಭಾಷೆ, ವೈಯಕ್ತಿಕ ನಂಬಿಕೆ ಅಥವಾ ಅಂಥದೇ ಕಾರಣವಿರಬೇಕು. ತೊಡಕು ಈ ಕಾರಣದಲ್ಲೇ. 2018ರಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರೆಂಬ ವಾಟ್ಸಾಪ್ ವದಂತಿಗೆ ಒಬ್ಬರು ಬಲಿಯಾದರು. ಅಂಥದ್ದು ಇವತ್ತು ನಡೆದರೆ ಈ ಕಲಮಿನಡಿ ಸಾಬೀತು ಕಷ್ಟ. ಆಗ ಕಲಂ 103(1)ರ ಕೊಲೆಯ ಜೊತೆ, ಅಕ್ರಮ ಕೂಟದ ಪ್ರತಿಯೊಬ್ಬನನ್ನೂ ಹೊಣೆ ಮಾಡುವ ಕಲಂ 190 ಸೇರಿಸಬೇಕಾಗುತ್ತದೆ. ಶಿಕ್ಷೆ ಅಲ್ಲೂ ಮರಣದಂಡನೆ ಇಲ್ಲವೇ ಜೀವಾವಧಿಯೇ.